ಬಾಹ್ಯಾಕಾಶ ಗಾಮಾ ಕಿರಣ ಖಗೋಳವಿಜ್ಞಾನ: ಕರ್ನಾಟಕದ ನೆಲೆಗಳು, ಮುಂದಿನ ಯೋಜನೆಗಳು

ಆಕಾಶಕಾಯಗಳಿಂದ ಹೊರಡುವ ಗಾಮಾ ಕಿರಣಗಳನ್ನು ಭೂಮಿಯ ವಾತಾವರಣದ ಆಚೆ ನಿಂತು ಅಳೆಯುವ ವಿಜ್ಞಾನಶಾಖೆ. ಭಾರಿ ನಕ್ಷತ್ರಗಳ ಸಾವು, ನ್ಯೂಟ್ರಾನ್ ತಾರೆಗಳ ಡಿಕ್ಕಿ, ಕಪ್ಪುಕುಳಿಗಳ ಹುಟ್ಟು, ಹೊಸ ಧಾತುಗಳ ತಯಾರಿ ಇವೆಲ್ಲದರ ನೇರ ಸುದ್ದಿ ಈ ಕಿರಣಗಳಲ್ಲಿ ಬರುತ್ತದೆ. ಭಾರತದಲ್ಲಿ ಈ ಕೆಲಸಕ್ಕೆ ಹಾರಿದ ಉಪಗ್ರಹಗಳನ್ನು ಜೋಡಿಸಿದ್ದು ಬೆಂಗಳೂರಿನಲ್ಲಿ. ಅವುಗಳಲ್ಲಿ ಮುಖ್ಯವಾದ ಆಸ್ಟ್ರೋಸ್ಯಾಟ್ ಕಳಿಸುವ ದತ್ತಾಂಶವನ್ನು ಕಾಪಿಟ್ಟು ಜಗತ್ತಿಗೆ ಹಂಚುವುದು ರಾಮನಗರ ಸೀಮೆಯ ಬ್ಯಾಲಾಳಿನಲ್ಲಿರುವ ಭಾರತೀಯ ಬಾಹ್ಯಾಕಾಶ ವಿಜ್ಞಾನ ದತ್ತಾಂಶ ಕೇಂದ್ರ. ಮುಂದಿನ ಇಪ್ಪತ್ತು ವರ್ಷ ಗಾಮಾ ಆಕಾಶವನ್ನು ಯಾರು, ಯಾವ ಉಪಕರಣದಿಂದ ನೋಡುತ್ತಾರೆ ಎಂಬುದು ಈಗ ಅಮೆರಿಕ, ಯೂರೋಪು, ಚೀನಾ, ಭಾರತಗಳಲ್ಲಿ ಒಟ್ಟಿಗೇ ತೀರ್ಮಾನವಾಗುತ್ತಿದೆ. ಕರ್ನಾಟಕದ ಸಂಸ್ಥೆಗಳಿಗೆ ಇದರಲ್ಲಿ ದೊಡ್ಡ ಪಾಲಿದೆ.

ಬ್ಯಾಲಾಳು ಎಂದರೆ ಹೆಚ್ಚಿನವರಿಗೆ ನೆನಪಾಗುವುದು ಚಂದ್ರಯಾನ. ಬೆಂಗಳೂರಿನಿಂದ ಸುಮಾರು 40 ಕಿ.ಮೀ. ದೂರದ ಈ ಹಳ್ಳಿಯಲ್ಲಿ 18 ಮೀಟರ್ ಮತ್ತು 32 ಮೀಟರ್ ವ್ಯಾಸದ ಆಂಟೆನಾಗಳು 2008ರಲ್ಲಿ ಎದ್ದು ನಿಂತದ್ದೇ ಚಂದ್ರಯಾನ–1ರ ದನಿ ಕೇಳುವುದಕ್ಕೆ. ಮುಂದೆ ಮಂಗಳಯಾನ, ಆದಿತ್ಯ–ಎಲ್1 ನೌಕೆಗಳ ಜೊತೆಗಿನ ಮಾತುಕತೆಯೂ ಇಲ್ಲಿಂದಲೇ ನಡೆಯಿತು. ಅದೇ ಆವರಣದ ದತ್ತಾಂಶ ಕೇಂದ್ರದ ಹೆಸರು ಪತ್ರಿಕೆಗಳಲ್ಲಿ ಅಪರೂಪ. ಆದರೆ ಒಂದು ಬಾಹ್ಯಾಕಾಶ ದೂರದರ್ಶಕದ ನಿಜವಾದ ಆಯುಷ್ಯ ಇರುವುದು ಇಂಥ ಕೇಂದ್ರಗಳಲ್ಲಿ. ಉಪಗ್ರಹ ಸತ್ತ ಮೇಲೂ ಅದು ಕಂಡದ್ದು ಇಲ್ಲಿ ಉಳಿಯುತ್ತದೆ, ಹತ್ತು ವರ್ಷ ಕಳೆದು ಬಂದ ವಿದ್ಯಾರ್ಥಿಯೂ ಅದನ್ನು ತೆಗೆದು ಹೊಸ ಪ್ರಶ್ನೆ ಕೇಳಬಹುದು.

ಏಕೆ ಬಾಹ್ಯಾಕಾಶವೇ ಬೇಕು

ಬೆಳಕಿನ ಕುಟುಂಬದಲ್ಲಿ ಅತಿ ಹೆಚ್ಚು ಶಕ್ತಿಯ ಸದಸ್ಯ ಗಾಮಾ ಕಿರಣ. ಕಣ್ಣಿಗೆ ಕಾಣುವ ಬೆಳಕಿನ ಒಂದು ಕಣದ ಶಕ್ತಿ ಎರಡು–ಮೂರು ಎಲೆಕ್ಟ್ರಾನ್ ವೋಲ್ಟ್. ಗಾಮಾ ಕಿರಣ ಶುರುವಾಗುವುದು ಸುಮಾರು ಒಂದು ಲಕ್ಷ ಎಲೆಕ್ಟ್ರಾನ್ ವೋಲ್ಟಿನಿಂದ, ಅಂದರೆ 100 ಕೆ.ಇ.ವಿ.ಯಿಂದ. ಅದರ ಕೆಳಗಿನದು ಎಕ್ಸ್ ಕಿರಣದ ವಲಯ. ಹತ್ತು ಲಕ್ಷ ಎಲೆಕ್ಟ್ರಾನ್ ವೋಲ್ಟಿಗೆ ಒಂದು ಎಂ.ಇ.ವಿ. ನಮ್ಮ ತಲೆಯ ಮೇಲಿರುವ ಗಾಳಿ ಹತ್ತು ಮೀಟರ್ ನೀರಿನಷ್ಟು ದಪ್ಪದ ತಡೆ. ಯಾವ ಗಾಮಾ ಕಿರಣವೂ ಅದನ್ನು ದಾಟಿ ನೆಲ ಮುಟ್ಟುವುದಿಲ್ಲ. ಜೀವಿಗಳಿಗೆ ಇದು ರಕ್ಷೆ, ಖಗೋಳವಿಜ್ಞಾನಿಗೆ ಅಡ್ಡಿ.

ಅತಿ ಶಕ್ತಿಯ ಗಾಮಾ ಕಿರಣ ಗಾಳಿಯಲ್ಲಿ ಅಪ್ಪಳಿಸಿದಾಗ ಹುಟ್ಟುವ ಚೆರೆಂಕೋವ್ ಮಿಂಚನ್ನು ನೆಲದಿಂದಲೇ ನೋಡಬಹುದು. ಲಡಾಖಿನ ಹಾನ್ಲೆಯಲ್ಲಿ ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆ ಮತ್ತು ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ ಸೇರಿ ನಿಲ್ಲಿಸಿದ ಏಳು ದೂರದರ್ಶಕಗಳ ಹಗಾರ್, 2024ರ ಅಕ್ಟೋಬರ್‌ನಲ್ಲಿ ಉದ್ಘಾಟನೆಯಾದ 21 ಮೀಟರ್ ವ್ಯಾಸದ ಮೇಸ್ ಮಾಡುವುದು ಇದನ್ನೇ. ಆದರೆ ಈ ಮಿಂಚು ಹುಟ್ಟುವುದು ಸಾವಿರಾರು ಕೋಟಿ ಎಲೆಕ್ಟ್ರಾನ್ ವೋಲ್ಟಿನ ಕಿರಣಗಳಿಂದ ಮಾತ್ರ. ಅದಕ್ಕಿಂತ ಕೆಳಗಿನದೆಲ್ಲ ಬಲೂನಿನಿಂದಲೋ ಉಪಗ್ರಹದಿಂದಲೋ ಸಿಗಬೇಕಾದದ್ದು.

ಈ ಕಿರಣಗಳನ್ನು ಕನ್ನಡಿಯಿಂದ ಒಂದೆಡೆ ಕೂಡಿಸುವುದು ಬಹಳ ಕಷ್ಟ, ಕನ್ನಡಿಯನ್ನು ತೂರಿಕೊಂಡೇ ಹೋಗಿಬಿಡುತ್ತವೆ. ಜೊತೆಗೆ ಬಾಹ್ಯಾಕಾಶದಲ್ಲಿ ಹರಿದಾಡುವ ವಿಶ್ವಕಿರಣಗಳು ಉಪಗ್ರಹದ ಮೈಯನ್ನೇ ಬಡಿದು ಅದರಿಂದಲೂ ಗಾಮಾ ಕಿರಣ ಹೊರಡಿಸುತ್ತವೆ. ನೋಡಬೇಕಾದದ್ದಕ್ಕಿಂತ ಗದ್ದಲವೇ ಹೆಚ್ಚು. ಗಾಮಾ ಖಗೋಳವಿಜ್ಞಾನದ ಇತಿಹಾಸವೆಂದರೆ ಬಹುಪಾಲು ಈ ಗದ್ದಲವನ್ನು ತಗ್ಗಿಸಿದ ಇತಿಹಾಸ. ದಕ್ಷಿಣ ಅಟ್ಲಾಂಟಿಕ್ ಸಾಗರದ ಮೇಲೆ ಭೂಮಿಯ ಕಾಂತಕ್ಷೇತ್ರ ದುರ್ಬಲವಾಗಿರುವ ಒಂದು ಜಾಗವಿದೆ. ಅಲ್ಲಿ ವಿದ್ಯುತ್ಕಣಗಳ ಮಳೆ ಜೋರು. ಸಮಭಾಜಕಕ್ಕೆ ಅಂಟಿಕೊಂಡು ಸುತ್ತುವ ಉಪಗ್ರಹ ಆ ಜಾಗದ ಅಂಚನ್ನಷ್ಟೇ ಸವರಿಕೊಂಡು ಹೋಗುತ್ತದೆ. ಶ್ರೀಹರಿಕೋಟದಿಂದ ಇಂಥ ಕಕ್ಷೆಗೆ ಏರಿಸುವುದು ಉತ್ತರದ ದೇಶಗಳಿಗಿಂತ ಸುಲಭ. ಇಟಲಿಯ ಗಾಮಾ ಉಪಗ್ರಹ ಅಜೀಲೆಯನ್ನು 2007ರ ಏಪ್ರಿಲ್ 23ರಂದು ಹಾರಿಸಿದ್ದು ನಮ್ಮ ಪಿಎಸ್‌ಎಲ್‌ವಿ–ಸಿ8. ಅದು ಸಮಭಾಜಕಕ್ಕೆ ಎರಡೂವರೆ ಡಿಗ್ರಿ ಮಾತ್ರ ಓರೆಯಾದ ಕಕ್ಷೆಯಲ್ಲಿ ಹದಿನಾರು ವರ್ಷಕ್ಕೂ ಹೆಚ್ಚು ಕಾಲ ದುಡಿಯಿತು.

ಮೊದಲ ತಲೆಮಾರು

ಕರ್ನಾಟಕದಲ್ಲಿ ಈ ವಿಜ್ಞಾನದ ಬೇರು ಆಕಾಶಕ್ಕಿಂತ ಮೊದಲು ನೆಲದೊಳಗೆ ಇಳಿದಿತ್ತು. ನಂಜನಗೂಡು ಬಳಿ ಹುಟ್ಟಿದ ಬಿ.ವಿ. ಶ್ರೀಕಂಠನ್ 1950ರ ದಶಕದ ಮೊದಲಲ್ಲೇ ಕೋಲಾರದ ಚಿನ್ನದ ಗಣಿಗಳ ಆಳದಲ್ಲಿ ವಿಶ್ವಕಿರಣಗಳನ್ನು ಅಳೆಯಲು ಹೊರಟವರು. ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೊ ಜಗತ್ತಿಗೆ ಮೊದಲು ಸಿಕ್ಕ ಜಾಗಗಳಲ್ಲಿ ಕೆ.ಜಿ.ಎಫ್. ಒಂದು, ಅದು 1965ರ ಮಾತು. ಶ್ರೀಕಂಠನ್ ಮುಂದೆ ಬಲೂನುಗಳಲ್ಲಿ ಎಕ್ಸ್ ಕಿರಣ ಶೋಧಕಗಳನ್ನು ಹಾರಿಸಿ, ಟಾಟಾ ಸಂಸ್ಥೆಯ ನಿರ್ದೇಶಕರಾಗಿ, ಭಾರತದ ಉನ್ನತ ಶಕ್ತಿಯ ಖಗೋಳವಿಜ್ಞಾನಕ್ಕೆ ಒಂದು ಪರಂಪರೆಯನ್ನೇ ಕಟ್ಟಿಕೊಟ್ಟರು. ಉಡುಪಿ ಬಳಿಯ ಅದಮಾರಿನ ಯು.ಆರ್. ರಾವ್ ಕೂಡ ವಿಶ್ವಕಿರಣಗಳ ಅಧ್ಯಯನದಿಂದಲೇ ಬಂದವರು. ಉಪಗ್ರಹ ಕಟ್ಟುವ ಕೆಲಸ ಅವರ ಹೆಗಲಿಗೆ ಬಂದಾಗ ಮೊದಲ ಉಪಗ್ರಹದಲ್ಲೇ ಖಗೋಳವಿಜ್ಞಾನಕ್ಕೆ ಜಾಗ ಸಿಕ್ಕಿತು.

ಬೆಂಗಳೂರಿನ ಪೀಣ್ಯದ ಕೈಗಾರಿಕಾ ಶೆಡ್ಡುಗಳಲ್ಲಿ ತಯಾರಾದ ಆರ್ಯಭಟ 1975ರ ಏಪ್ರಿಲ್ 19ರಂದು ಸೋವಿಯತ್ ನೆಲದಿಂದ ಹಾರಿತು. ಎರಡು ರೂಪಾಯಿಯ ನೋಟಿನ ಹಿಂಬದಿಯಲ್ಲಿ ಅದರ ಚಿತ್ರ ನೋಡಿ ಬೆಳೆದವರು ಅನೇಕರಿದ್ದಾರೆ. ಅದರೊಳಗೆ ಸೂರ್ಯನ ನ್ಯೂಟ್ರಾನ್ ಮತ್ತು ಗಾಮಾ ಕಿರಣ ಅಳೆಯುವ ಒಂದು ಉಪಕರಣ, ಎಕ್ಸ್ ಕಿರಣ ಮೂಲಗಳನ್ನು ನೋಡುವ ಇನ್ನೊಂದು ಇತ್ತೆಂಬುದು ಅಷ್ಟಾಗಿ ಜನಕ್ಕೆ ಗೊತ್ತಿಲ್ಲ. ಕೆಲವೇ ದಿನಗಳಲ್ಲಿ ಉಪಕರಣಗಳಿಗೆ ವಿದ್ಯುತ್ ಪೂರೈಕೆ ಕೆಟ್ಟು ಪ್ರಯೋಗಗಳು ನಿಂತುಹೋದವು.

ಅಷ್ಟರಲ್ಲಿ ಹೊರಗೆ ಒಂದು ದೊಡ್ಡ ಒಗಟು ಹುಟ್ಟಿತ್ತು. ಅಣ್ವಸ್ತ್ರ ಪರೀಕ್ಷೆಗಳ ಮೇಲೆ ಕಣ್ಣಿಡಲು ಅಮೆರಿಕ ಹಾರಿಸಿದ ವೇಲಾ ಉಪಗ್ರಹಗಳು 1967ರ ಜುಲೈ 2ರಂದು ಎತ್ತಲಿಂದಲೋ ಬಂದ ಒಂದು ಗಾಮಾ ಮಿಂಚನ್ನು ದಾಖಲಿಸಿದ್ದವು. ಅದು ಭೂಮಿಯದೂ ಅಲ್ಲ, ಸೂರ್ಯನದೂ ಅಲ್ಲ. 1973ರಲ್ಲಿ ಈ ಸುದ್ದಿ ಪ್ರಕಟವಾದ ಮೇಲೆ ಗಾಮಾ ಕಿರಣ ಸ್ಫೋಟಗಳ ಬೆನ್ನಟ್ಟುವುದು ಖಗೋಳವಿಜ್ಞಾನದ ದೊಡ್ಡ ಕೆಲಸವಾಯಿತು. ಬೆಂಗಳೂರಿನ ಉಪಗ್ರಹ ಕೇಂದ್ರದಲ್ಲಿ ಕೆ. ಕಸ್ತೂರಿರಂಗನ್ ಮತ್ತು ಸಂಗಡಿಗರು ಇದಕ್ಕಾಗಿ ಸೀಸಿಯಮ್ ಅಯೊಡೈಡ್ ಹರಳಿನ ಶೋಧಕ ತಯಾರಿಸಿದರು. ಗಾಮಾ ಕಿರಣ ಬಡಿದಾಗ ಹರಳು ಮಿನುಗುತ್ತದೆ, ಆ ಮಿನುಗನ್ನು ಎಣಿಸಬೇಕು. ಇದನ್ನು ಹೊತ್ತೊಯ್ಯಬೇಕಾದದ್ದು ಶ್ರಾಸ್ ಸರಣಿಯ ನೂರು ಕಿಲೋ ಆಸುಪಾಸಿನ ಪುಟ್ಟ ಉಪಗ್ರಹಗಳು.

ಆ ಸರಣಿಯ ಪಾಡು ಸಲೀಸಾಗಿರಲಿಲ್ಲ. ಎಎಸ್‌ಎಲ್‌ವಿ ರಾಕೆಟ್ 1987ರಲ್ಲಿ ಸೋತಿತು, 1988ರಲ್ಲಿ ಮತ್ತೆ ಸೋತಿತು. 1992ರ ಮೇ 20ರಂದು ಶ್ರಾಸ್–ಸಿ ಕಕ್ಷೆ ಸೇರಿತಾದರೂ ಕಕ್ಷೆ ತೀರಾ ಕೆಳಗಿದ್ದು ಎರಡೇ ತಿಂಗಳಲ್ಲಿ ವಾತಾವರಣಕ್ಕೆ ಬಿದ್ದು ಉರಿದುಹೋಯಿತು. 1994ರ ಮೇ 4ರಂದು ಹಾರಿದ ಶ್ರಾಸ್–ಸಿ2 ಮಾತ್ರ ಕೈ ಹಿಡಿಯಿತು. ಬೇರೆ ಬೇರೆ ದೇಶಗಳ ನೌಕೆಗಳು ಒಂದೇ ಸ್ಫೋಟವನ್ನು ಕಂಡ ಕ್ಷಣಗಳ ಅಂತರದಿಂದ ಅದರ ದಿಕ್ಕು ಹಿಡಿಯುವ ಅಂತರಗ್ರಹ ಜಾಲದಲ್ಲಿ ಬೆಂಗಳೂರಿನ ಈ ಶೋಧಕವೂ ಒಂದಾಯಿತು. ನಾಲ್ಕು ಸಲ ಅದೇ ವಿಜ್ಞಾನವನ್ನು ಕೈಬಿಡದೆ ಹಿಡಿದುಕೊಂಡು ಹೋದವರ ತಾಳ್ಮೆಗೆ ನಮ್ಮ ಬಾಹ್ಯಾಕಾಶದ ಕಥನಗಳಲ್ಲಿ ಸಿಗಬೇಕಾದ ಜಾಗ ಇನ್ನೂ ಸಿಕ್ಕಿಲ್ಲ. ಕಸ್ತೂರಿರಂಗನ್ 1994ರಲ್ಲಿ ಇಸ್ರೋ ಅಧ್ಯಕ್ಷರಾದರು. 1996ರಲ್ಲಿ ಐಆರ್‌ಎಸ್–ಪಿ3 ಉಪಗ್ರಹದಲ್ಲಿ ಎಕ್ಸ್ ಕಿರಣ ಉಪಕರಣವೊಂದು ಹಾರಿ ಚೆನ್ನಾಗಿ ಕೆಲಸ ಮಾಡಿದ್ದರಿಂದ, ಖಗೋಳವಿಜ್ಞಾನಕ್ಕೆಂದೇ ಇಡೀ ಉಪಗ್ರಹವೊಂದು ಬೇಕು ಎಂಬ ಮಾತಿಗೆ ಬಲ ಬಂತು.

ಆಸ್ಟ್ರೋಸ್ಯಾಟ್ ಕಲಿಸಿದ್ದು

2004ರಲ್ಲಿ ಒಪ್ಪಿಗೆ ಪಡೆದ ಆಸ್ಟ್ರೋಸ್ಯಾಟ್ ಹಾರಿದ್ದು 2015ರ ಸೆಪ್ಟೆಂಬರ್ 28ರಂದು. ತೂಕ ಒಂದೂವರೆ ಟನ್, ಕಕ್ಷೆಯ ಎತ್ತರ 650 ಕಿ.ಮೀ., ಸಮಭಾಜಕಕ್ಕೆ ಓರೆ 6 ಡಿಗ್ರಿ. ಅತಿನೇರಳೆಯಿಂದ ಗಡಸು ಎಕ್ಸ್ ಕಿರಣದವರೆಗೆ ಒಟ್ಟಿಗೇ ನೋಡುವುದು ಅದರ ಉದ್ದೇಶ. ಗಾಮಾ ಕಿರಣ ಅದರ ಮುಖ್ಯ ಗುರಿಗಳಲ್ಲಿ ಇರಲಿಲ್ಲ. ಹಾಗಿದ್ದೂ ಅದರ ಸಿ.ಝಡ್.ಟಿ. ಚಿತ್ರಕ ದೇಶದ ಅತಿ ಮುಖ್ಯ ಗಾಮಾ ಸ್ಫೋಟ ಶೋಧಕವಾಗಿ ಬೆಳೆದ ಬಗೆಯನ್ನು ಕೊಂಚ ಹತ್ತಿರದಿಂದ ನೋಡಬೇಕು, ಮುಂದಿನ ಯೋಜನೆಯ ಬೀಜ ಅಲ್ಲಿದೆ.

ಈ ಚಿತ್ರಕದ ಪೆಟ್ಟಿಗೆಯ ತಳದಲ್ಲಿ ಕ್ಯಾಡ್ಮಿಯಮ್, ಸತು, ಟೆಲ್ಯೂರಿಯಮ್ ಬೆರೆತ ಹರಳಿನ 64 ಬಿಲ್ಲೆಗಳನ್ನು ನಾಲ್ಕು ಭಾಗಗಳಲ್ಲಿ ಜೋಡಿಸಿದೆ. ಒಂದೊಂದೂ ಸುಮಾರು 4 ಸೆಂ.ಮೀ. ಚೌಕ, 5 ಮಿ.ಮೀ. ದಪ್ಪ. ಪ್ರತಿ ಬಿಲ್ಲೆಯಲ್ಲಿ 256 ಮನೆಗಳು, ಎಲ್ಲ ಸೇರಿ 16,384. ಜರ್ಮೇನಿಯಮ್ ಹರಳಿನಂತೆ ಇದನ್ನು ಅತಿಶೀತದಲ್ಲಿ ಇಡಬೇಕಾಗಿಲ್ಲ. ಮೇಲೆ ಟ್ಯಾಂಟಲಮ್ ತಗಡಿನ ತೂತುಗಳುಳ್ಳ ಮುಸುಕು, ಅದರ ನೆರಳು ಹರಳುಗಳ ಮೇಲೆ ಬೀಳುವ ರೀತಿಯಿಂದ ಮೂಲದ ದಿಕ್ಕು ತಿಳಿಯುತ್ತದೆ. 100 ಕೆ.ಇ.ವಿ. ದಾಟಿದ ಕಿರಣಕ್ಕೆ ಈ ಮುಸುಕೂ ಸುತ್ತಲಿನ ಗೋಡೆಗಳೂ ಬಹುಮಟ್ಟಿಗೆ ಪಾರದರ್ಶಕ. ಹೀಗಾಗಿ ಉಪಗ್ರಹ ಎತ್ತ ಮುಖ ಮಾಡಿದ್ದರೂ ಆಕಾಶದ ಯಾವುದೋ ಮೂಲೆಯ ಸ್ಫೋಟ ಪಕ್ಕದ ಗೋಡೆ ತೂರಿ ಬಂದು ಹರಳಿಗೆ ತಾಕುತ್ತದೆ. ವಿಜ್ಞಾನಿಗಳು ಹಾರುವ ಮೊದಲೇ ಇದನ್ನು ಲೆಕ್ಕ ಹಾಕಿದ್ದರು. ಉಪಕರಣ ಚಾಲೂ ಆದ ಮೊದಲ ದಿನವೇ, 2015ರ ಅಕ್ಟೋಬರ್ 6ರಂದು, ಸ್ಫೋಟವೊಂದು ದಾಖಲಾಯಿತು. 2022ರ ನವೆಂಬರ್ ಹೊತ್ತಿಗೆ ಎಣಿಕೆ 500 ಮುಟ್ಟಿತು, ಮುಂದಿನ ನವೆಂಬರ್‌ಗೆ 600.

ಇನ್ನೊಂದು ಸೂಕ್ಷ್ಮವಿದೆ. ಗಾಮಾ ಕಿರಣ ಒಂದು ಮನೆಯ ಎಲೆಕ್ಟ್ರಾನಿಗೆ ಡಿಕ್ಕಿ ಹೊಡೆದು, ಸ್ವಲ್ಪ ಶಕ್ತಿ ಬಿಟ್ಟುಕೊಟ್ಟು, ಪಕ್ಕದ ಮನೆಗೆ ಚದುರಿ ಅಲ್ಲಿ ಹೀರಿಕೆಯಾದರೆ ಎರಡೂ ಮನೆಗಳಲ್ಲಿ ಒಂದೇ ಕ್ಷಣದ ಗುರುತು ಬೀಳುತ್ತದೆ. ಆರ್ಥರ್ ಕಾಂಪ್ಟನ್ 1923ರಲ್ಲಿ ವಿವರಿಸಿದ ಚದುರಿಕೆ ಇದು. ಅದಕ್ಕೆ ಬೆಳಕಿನಲ್ಲಿ ಜೋಡಿ ಇರಬೇಕೆಂಬ ಊಹೆ ಸಿ.ವಿ. ರಾಮನ್ ಅವರನ್ನು 1928ರ ಶೋಧಕ್ಕೆ ಕೊಂಡೊಯ್ದ ಎಳೆಗಳಲ್ಲಿ ಒಂದು. ಕಿರಣ ಯಾವ ಪಕ್ಕಕ್ಕೆ ಹೆಚ್ಚಾಗಿ ಚದುರುತ್ತದೆ ಎಂದು ಸಾವಿರಾರು ಜೋಡಿಗಳನ್ನು ಎಣಿಸಿದರೆ ಬಂದ ಬೆಳಕಿನ ಧ್ರುವೀಕರಣ, ಅಂದರೆ ಅದರ ಕಂಪನದ ದಿಕ್ಕು, ಗೊತ್ತಾಗುತ್ತದೆ. ಧ್ರುವೀಕರಣ ತಿಳಿದರೆ ಮೂಲದ ಬಳಿ ಕಾಂತಕ್ಷೇತ್ರ ಹೇಗೆ ಹೆಣೆದುಕೊಂಡಿದೆ ಎಂದು ಹೇಳಬಹುದು. ಏಡಿ ನೀಹಾರಿಕೆಯ ನಡುವೆ ಸೆಕೆಂಡಿಗೆ ಮೂವತ್ತು ಸಲ ತಿರುಗುವ ಪಲ್ಸಾರನ್ನು ಹೀಗೆ ಅಳೆದಾಗ, ಮಿಡಿತಗಳ ನಡುವಿನ ಮಬ್ಬು ಹೊತ್ತಿನಲ್ಲೇ ಧ್ರುವೀಕರಣ ಜೋರಾಗಿ ಬದಲಾಗುತ್ತಿರುವುದು ಕಂಡಿತು. 2017ರ ನವೆಂಬರ್‌ನಲ್ಲಿ ಪ್ರಕಟವಾದ ಈ ಫಲಿತಾಂಶವನ್ನು ಆಗ ಚಾಲ್ತಿಯಲ್ಲಿದ್ದ ಯಾವ ಸಿದ್ಧಾಂತವೂ ಮೊದಲೇ ಹೇಳಿರಲಿಲ್ಲ.

ದತ್ತಾಂಶದ ಹಾದಿಯೂ ಗಮನಿಸತಕ್ಕದ್ದು. ಉಪಗ್ರಹ ಭೂಮಿಯನ್ನು ಒಂದು ಸುತ್ತು ಬರಲು ಸುಮಾರು ತೊಂಬತ್ತೇಳು ನಿಮಿಷ. ಭೂಕೇಂದ್ರದ ಮೇಲೆ ಹಾದುಹೋಗುವಾಗ ಸಂಗ್ರಹಿಸಿದ್ದನ್ನು ಕೆಳಗಿಳಿಸುತ್ತದೆ. ಬ್ಯಾಲಾಳಿನ ಕೇಂದ್ರ ಅದನ್ನು ಅಣಿಗೊಳಿಸಿ ಪುಣೆಯ ಖಗೋಳವಿಜ್ಞಾನ ಸಂಸ್ಥೆ ಅಯುಕಾದಲ್ಲಿರುವ ಉಪಕರಣ ಕಾರ್ಯಕೇಂದ್ರಕ್ಕೆ ಕಳಿಸುತ್ತದೆ. ಅಲ್ಲಿ ಒರೆಹಚ್ಚಿದ ಮೇಲೆ ಮತ್ತೆ ಬ್ಯಾಲಾಳಿಗೆ ಬಂದು ಸಂಗ್ರಹ ಸೇರುತ್ತದೆ. ಸ್ಫೋಟ ಆದದ್ದು ಈ ಹಾದಿ ಸವೆದ ಮೇಲಷ್ಟೇ ಗೊತ್ತಾಗುವುದು. ಗಾಮಾ ಸ್ಫೋಟದ ಬೆಳಗು ಕೆಲವೇ ಸೆಕೆಂಡುಗಳದು, ಅದರ ಬೆನ್ನಿಗೆ ಬರುವ ಕಾಣುವ ಬೆಳಕು ಗಂಟೆಗಳಲ್ಲಿ ಮಾಸುತ್ತದೆ. ಆಸ್ಟ್ರೋಸ್ಯಾಟಿನ ಮಿತಿ ಇಲ್ಲಿದೆ.

ಆ ಮಿತಿಯೊಳಗೂ ಅದು ಜಗತ್ತಿನ ಒಂದು ಗೊಂದಲ ಬಗೆಹರಿಸಿತು. 2017ರ ಜನವರಿ 4ರಂದು ಅಮೆರಿಕದ ಲೈಗೊ ಶೋಧಕಗಳು ಎರಡು ಕಪ್ಪುಕುಳಿಗಳ ಕೂಡಿಕೆಯ ಗುರುತ್ವ ಅಲೆಯನ್ನು ಹಿಡಿದವು. ಮರುದಿನ ಹವಾಯಿಯ ಅಟ್ಲಾಸ್ ದೂರದರ್ಶಕ ಆ ದಿಕ್ಕಿನಲ್ಲಿ ಮಾಸುತ್ತಿರುವ ಬೆಳಕೊಂದನ್ನು ಕಂಡಿತು. ಎರಡಕ್ಕೂ ನಂಟಿದ್ದರೆ ಅದು ಕ್ರಾಂತಿಕಾರಿ ಸುದ್ದಿ. ಸಿ.ಝಡ್.ಟಿ. ಚಿತ್ರಕದ ದಾಖಲೆ ತೆಗೆದು ನೋಡಿದಾಗ, ಗುರುತ್ವ ಅಲೆ ಬಂದ ಸುಮಾರು ಇಪ್ಪತ್ತೊಂದು ಗಂಟೆಗಳ ಮೇಲೆ ಬೇರೊಂದು ಗಾಮಾ ಸ್ಫೋಟ ಆಗಿದ್ದು ಗೊತ್ತಾಯಿತು. ಅಟ್ಲಾಸ್ ಕಂಡದ್ದು ಆ ಸ್ಫೋಟದ ಬೂದಿಯನ್ನು. ಇಂಥ ನಕಾರಾತ್ಮಕ ಉತ್ತರಗಳು ವಿಜ್ಞಾನದಲ್ಲಿ ಸಂಭ್ರಮ ತರುವುದಿಲ್ಲ, ಆದರೆ ತಪ್ಪು ದಾರಿಯಲ್ಲಿ ವರ್ಷಗಟ್ಟಲೆ ನಡೆಯುವುದನ್ನು ತಪ್ಪಿಸುತ್ತವೆ.

2017ರ ಆಗಸ್ಟ್ 17

ಆ ಸಂಜೆ, ಭಾರತೀಯ ಕಾಲಮಾನ 6 ಗಂಟೆ 11 ನಿಮಿಷಕ್ಕೆ, ಹದಿಮೂರು ಕೋಟಿ ಬೆಳಕಿನ ವರ್ಷ ದೂರದ ಗ್ಯಾಲಕ್ಸಿಯಲ್ಲಿ ಡಿಕ್ಕಿಯಾದ ಎರಡು ನ್ಯೂಟ್ರಾನ್ ತಾರೆಗಳ ಗುರುತ್ವ ಅಲೆ ಭೂಮಿಯನ್ನು ದಾಟಿತು. 1.7 ಸೆಕೆಂಡಿನ ಮೇಲೆ ಗಾಮಾ ಕಿರಣಗಳ ಚಿಕ್ಕ ಮಿಡಿತ ಬಂತು. ಅಮೆರಿಕದ ಫರ್ಮಿ, ಯೂರೋಪಿನ ಇಂಟೆಗ್ರಲ್ ಉಪಗ್ರಹಗಳೆರಡೂ ಅದನ್ನು ಕಂಡವು. ಗುರುತ್ವ ಅಲೆಯೂ ಬೆಳಕೂ ಒಂದೇ ವೇಗದಲ್ಲಿ ಸಾಗುತ್ತವೆ ಎಂಬುದಕ್ಕೆ ಅಷ್ಟು ಕರಾರುವಾಕ್ಕಾದ ಸಾಕ್ಷಿ ಹಿಂದೆ ಇರಲಿಲ್ಲ. ಚಿನ್ನದಂಥ ಭಾರ ಧಾತುಗಳು ಇಂಥ ಡಿಕ್ಕಿಗಳಲ್ಲಿ ತಯಾರಾಗುತ್ತವೆ ಎಂಬುದಕ್ಕೂ ಅಲ್ಲಿಂದ ಆಧಾರ ಸಿಕ್ಕಿತು.

ಆಸ್ಟ್ರೋಸ್ಯಾಟ್ ಆ ಹೊತ್ತಿಗೆ ಸುಸ್ಥಿತಿಯಲ್ಲಿತ್ತು. ಆದರೆ ಅದಕ್ಕೂ ಆ ತಾರೆಗಳಿಗೂ ನಡುವೆ ಭೂಮಿ ಅಡ್ಡ ನಿಂತಿತ್ತು. ಕೆಳ ಕಕ್ಷೆಯ ಯಾವ ಉಪಗ್ರಹಕ್ಕಾದರೂ ಭೂಮಿ ಸುಮಾರು ಮೂರನೇ ಒಂದು ಪಾಲು ಆಕಾಶವನ್ನು ಮುಚ್ಚುತ್ತದೆ. ಅಂದು ಕಂಡ ಮಿಡಿತವೂ ದುರ್ಬಲವಾಗಿತ್ತು, ಇನ್ನಷ್ಟು ದೂರದಲ್ಲಿ ಆಗಿದ್ದರೆ ಫರ್ಮಿಯೂ ಅದನ್ನು ಗುರುತಿಸುತ್ತಿರಲಿಲ್ಲ. ಆಕಾಶವನ್ನೆಲ್ಲ ಎಡೆಬಿಡದೆ, ಹೆಚ್ಚು ಸೂಕ್ಷ್ಮವಾಗಿ ಕಾಯುವ ಉಪಕರಣ ಬೇಕು ಎಂಬ ಪಾಠ ಆ ಒಂದು ಘಟನೆಯಿಂದ ಎಲ್ಲ ದೇಶಗಳಿಗೂ ಸಿಕ್ಕಿತು.

ದಕ್ಷ

ಆ ಪಾಠಕ್ಕೆ ಭಾರತದ ಉತ್ತರ, ದಕ್ಷ ಎಂಬ ಪ್ರಸ್ತಾವ. ಮುಂಬಯಿ ಐಐಟಿಯ ವರುಣ್ ಭಾಲೇರಾವ್ ಮುಂದಾಳತ್ವದಲ್ಲಿ ಟಾಟಾ ಸಂಸ್ಥೆ, ಅಹಮದಾಬಾದಿನ ಭೌತ ಸಂಶೋಧನಾ ಪ್ರಯೋಗಾಲಯ, ಅಯುಕಾ ಮತ್ತು ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆ ಸೇರಿ ಇದನ್ನು ರೂಪಿಸಿವೆ. ಒಂದಲ್ಲ, ಎರಡು ಉಪಗ್ರಹಗಳು. ಆಸ್ಟ್ರೋಸ್ಯಾಟಿನಂತೆಯೇ ಸಮಭಾಜಕದ ಸಮೀಪದ ಕಕ್ಷೆಯಲ್ಲಿ, ಭೂಮಿಯ ಆಚೆ ಒಂದು, ಈಚೆ ಒಂದು. ಒಂದಕ್ಕೆ ಮರೆಯಾದದ್ದು ಇನ್ನೊಂದಕ್ಕೆ ಕಾಣಲೇಬೇಕು.

ಪ್ರತಿ ಉಪಗ್ರಹದ ಮೇಲ್ಭಾಗ ಹಲವು ಮುಖಗಳ ಗುಮ್ಮಟ. ಮುಖಗಳ ತುಂಬ ಅದೇ ಸಿ.ಝಡ್.ಟಿ. ಹರಳುಗಳು. ಯಾವ ದಿಕ್ಕಿನಿಂದ ಸ್ಫೋಟವಾದರೂ ಕೆಲವು ಮುಖಗಳಿಗೆ ಹೆಚ್ಚು, ಕೆಲವಕ್ಕೆ ಕಡಿಮೆ ಕಿರಣ ಬೀಳುತ್ತದೆ. ಆ ಹೆಚ್ಚುಕಡಿಮೆಯಿಂದಲೇ ದಿಕ್ಕಿನ ಅಂದಾಜು. ಆಸ್ಟ್ರೋಸ್ಯಾಟಿಗೆ ನೆಟ್ಟ ನೋಟದ ದಿಕ್ಕಿನಲ್ಲಿ ಇರುವುದು 976 ಚದರ ಸೆಂ.ಮೀ. ಹರಳು. ದಕ್ಷಕ್ಕೆ ಬಹುತೇಕ ಎಲ್ಲ ದಿಕ್ಕಿಗೂ 1,300 ಚದರ ಸೆಂ.ಮೀ.ನಷ್ಟು ಸಿಗುವ ಲೆಕ್ಕ. ಕಡಿಮೆ ಶಕ್ತಿಗೆ ಸಿಲಿಕಾನ್ ಶೋಧಕಗಳು, ಹೆಚ್ಚಿನದಕ್ಕೆ ಸೋಡಿಯಮ್ ಅಯೊಡೈಡ್ ಹರಳುಗಳು. ಹೀಗೆ ಒಂದು ಕೆ.ಇ.ವಿ.ಯಿಂದ ಒಂದು ಎಂ.ಇ.ವಿ. ದಾಟುವವರೆಗೆ ಒಂದೇ ಹರಹಿನಲ್ಲಿ ನೋಡಬಹುದು. ಸ್ಫೋಟ ಆದದ್ದನ್ನು ಉಪಗ್ರಹವೇ ಗುರುತಿಸಿ, ಭೂಕೇಂದ್ರದ ಸರದಿ ಕಾಯದೆ ಕೆಳಗೆ ಸುದ್ದಿ ಮುಟ್ಟಿಸುವ ಏರ್ಪಾಡು ಯೋಜನೆಯಲ್ಲಿದೆ. ಆಸ್ಟ್ರೋಸ್ಯಾಟಿನ ಎರಡು ಮುಖ್ಯ ಕೊರತೆಗಳಿಗೂ ಇಲ್ಲಿ ಮದ್ದು ಇದೆ. ಕಂಡುಕೊಂಡ ಉಪಕರಣವನ್ನೇ ಹಿಗ್ಗಿಸಿ ಕಟ್ಟುವುದರಿಂದ ತಂತ್ರಜ್ಞಾನದ ಅಪಾಯ ಕಡಿಮೆ. ಪ್ರಯೋಗಾಲಯದ ಮಾದರಿಗೆ ಇಸ್ರೋ ನೆರವು ಸಿಕ್ಕಿದೆ. ಇಡೀ ಯೋಜನೆ ಪ್ರಸ್ತಾವದ ಹಂತದಲ್ಲಿದೆ.

ಎಂ.ಇ.ವಿ. ಬಯಲು

ದಕ್ಷ ತುಂಬದ ಒಂದು ದೊಡ್ಡ ಖಾಲಿ ಜಾಗ ಗಾಮಾ ಆಕಾಶದಲ್ಲಿದೆ. ಅಮೆರಿಕದ ಕಾಂಪ್ಟನ್ ವೀಕ್ಷಣಾಲಯ 1991ರಿಂದ 2000ದವರೆಗೆ ಹಾರಾಡಿತು. ಅದರ ಎಗ್ರೆಟ್ ಉಪಕರಣ ನೂರು ಎಂ.ಇ.ವಿ. ಆಚೆಗಿನ 271 ಮೂಲಗಳ ಪಟ್ಟಿ ಕೊಟ್ಟಿತು. ಫರ್ಮಿ ಅದನ್ನು 7,000ಕ್ಕೂ ಹೆಚ್ಚಿಗೆ ಏರಿಸಿತು. ಆದರೆ ಒಂದರಿಂದ ಮೂವತ್ತು ಎಂ.ಇ.ವಿ. ನಡುವೆ ನೋಡುತ್ತಿದ್ದ, ಕಾಂಪ್ಟನ್ ವೀಕ್ಷಣಾಲಯದ್ದೇ ಇನ್ನೊಂದು ಉಪಕರಣ ಕಾಂಪ್ಟೆಲ್ ಬಿಟ್ಟುಹೋದ ಪಟ್ಟಿಯಲ್ಲಿ ಸ್ಥಿರ ಮೂಲಗಳು 32 ಮಾತ್ರ. ಕಾಲು ಶತಮಾನ ಕಳೆದರೂ ಅದರ ಜಾಗಕ್ಕೆ ಅಂಥ ಇನ್ನೊಂದು ಬಂದಿಲ್ಲ. ಈ ಹರಹಿನಲ್ಲಿ ಕಿರಣ ಹರಳಿನಲ್ಲಿ ಹಲವು ಸಲ ಚದುರುತ್ತದೆ, ಪ್ರತಿ ಚದುರಿಕೆಯ ಜಾಗ ಮತ್ತು ಶಕ್ತಿ ಅಳೆದು ಬಂದ ದಿಕ್ಕನ್ನು ಲೆಕ್ಕದಿಂದ ಹಿಂದಕ್ಕೆ ಹುಡುಕಬೇಕು. ಗದ್ದಲ ಎಲ್ಲಕ್ಕಿಂತ ಹೆಚ್ಚು ಇರುವುದೂ ಇಲ್ಲೇ.

ಆದರೆ ಧಾತುಗಳ ಹೆಜ್ಜೆಗುರುತು ಇರುವುದೂ ಇಲ್ಲೇ. ನಕ್ಷತ್ರಗಳಲ್ಲಿ ಹೊಸದಾಗಿ ಬೆಂದ ಅಲ್ಯುಮಿನಿಯಮ್–26 ಸುಮಾರು ಏಳು ಲಕ್ಷ ವರ್ಷದ ಅರ್ಧಾಯುಷ್ಯದಲ್ಲಿ ಕ್ಷಯಿಸುತ್ತ 1.809 ಎಂ.ಇ.ವಿ.ಯ ಗೆರೆಯನ್ನು ಹೊರಸೂಸುತ್ತದೆ. ನಮ್ಮ ಆಕಾಶಗಂಗೆಯಲ್ಲಿ ಧಾತುಗಳ ತಯಾರಿ ಇಂದಿಗೂ ನಡೆಯುತ್ತಿದೆ ಎಂಬುದಕ್ಕೆ ಆ ಗೆರೆಯೇ ಪುರಾವೆ. ಆಕಾಶಗಂಗೆಯ ನಡುಭಾಗದಿಂದ 511 ಕೆ.ಇ.ವಿ.ಯ ಇನ್ನೊಂದು ಗೆರೆ ಬರುತ್ತದೆ, ಎಲೆಕ್ಟ್ರಾನು ಮತ್ತು ಪಾಸಿಟ್ರಾನು ಕೂಡಿ ನಾಶವಾಗುವುದರ ಗುರುತು. 1970ರ ದಶಕದಲ್ಲಿ ಬಲೂನುಗಳು ಕಂಡ ಆ ಪಾಸಿಟ್ರಾನುಗಳು ಎಲ್ಲಿಂದ ಬರುತ್ತವೆ ಎಂಬುದು ಈಗಲೂ ಬಗೆಹರಿದಿಲ್ಲ.

ನಾಸಾ 2021ರಲ್ಲಿ ಆರಿಸಿಕೊಂಡ ಕೋಸಿ ಈ ಬಯಲಿಗೆ ಇಳಿಯಲಿರುವ ಉಪಗ್ರಹ. 0.2ರಿಂದ 5 ಎಂ.ಇ.ವಿ. ವರೆಗೆ ನೋಡುವ, ತಂಪಾಗಿಸಿದ ಜರ್ಮೇನಿಯಮ್ ಶೋಧಕ ಅದರದು. 2016ರಲ್ಲಿ ನ್ಯೂಜಿಲೆಂಡಿನಿಂದ ಬಲೂನಿನಲ್ಲಿ 46 ದಿನ ಹಾರಿ ಪಳಗಿದೆ. ಉಡಾವಣೆಗೆ ಗೊತ್ತುಮಾಡಿರುವ ವರ್ಷ 2027. ಕೋಸಿ ಚಿಕ್ಕ ವರ್ಗದ ಯೋಜನೆ. ಕಾಂಪ್ಟೆಲಿನ ಕೆಲಸವನ್ನು ಪೂರ್ತಿ ಮುಂದುವರಿಸಬಲ್ಲ ದೊಡ್ಡ ಪ್ರಸ್ತಾವಗಳು ಅಮೆರಿಕ, ಯೂರೋಪುಗಳಲ್ಲಿ ಒಂದಾದ ಮೇಲೊಂದು ಬಂದು ಆಯ್ಕೆಯಾಗದೆ ಉಳಿದಿವೆ. ಹತ್ತು ವರ್ಷಕ್ಕೊಮ್ಮೆ ಅಮೆರಿಕದ ಖಗೋಳ ಸಮುದಾಯ ಕೂತು ಮಾಡುವ ಸಮೀಕ್ಷೆ 2021ರಲ್ಲಿ ಹೊರಬಂದಾಗ, ಕ್ಷಣಿಕ ಘಟನೆಗಳ ಬೆನ್ನಟ್ಟುವ ಚಿಕ್ಕ–ಮಧ್ಯಮ ಉಪಗ್ರಹಗಳಿಗೆ ಬಾಹ್ಯಾಕಾಶದಲ್ಲಿ ಹೆಚ್ಚಿನ ಆದ್ಯತೆ ಕೊಟ್ಟಿತು. ದಕ್ಷದ ದಾರಿ ಅದಕ್ಕೆ ಹೊಂದುತ್ತದೆ.

ಬೆಂಗಳೂರಿನ ಪ್ರಯೋಗಾಲಯಗಳು

ಸದಾಶಿವನಗರದ ರಾಮನ್ ಸಂಶೋಧನಾ ಸಂಸ್ಥೆಯಲ್ಲಿ ಬಿಸ್ವಜಿತ್ ಪಾಲ್ ಅವರ ತಂಡ ಕಟ್ಟಿದ ಪೋಲಿಕ್ಸ್ ಉಪಕರಣ 2024ರ ಜನವರಿ 1ರಂದು ಎಕ್ಸ್‌ಪೋಸ್ಯಾಟ್ ಉಪಗ್ರಹದಲ್ಲಿ ಹಾರಿತು. 8ರಿಂದ 30 ಕೆ.ಇ.ವಿ. ಎಕ್ಸ್ ಕಿರಣಗಳ ಧ್ರುವೀಕರಣ ಅಳೆಯುವುದು ಅದರ ಕೆಲಸ, ಮೊದಲು ನೋಡಿದ್ದೂ ಏಡಿ ಪಲ್ಸಾರನ್ನೇ. ಅದೇ ಉಪಗ್ರಹದ ಎಕ್ಸ್‌ಸ್ಪೆಕ್ಟ್ ಯು.ಆರ್. ರಾವ್ ಉಪಗ್ರಹ ಕೇಂದ್ರದ್ದು. ಆದಿತ್ಯ–ಎಲ್1ರಲ್ಲಿರುವ ಹೀಲಿಯೊಸ್ ಉಪಕರಣವೂ ಆ ಕೇಂದ್ರದ ಕೂಸು, ಸೂರ್ಯನ ಜ್ವಾಲೆಗಳ ಎಕ್ಸ್ ಕಿರಣವನ್ನು 150 ಕೆ.ಇ.ವಿ. ವರೆಗೆ ಅಳೆಯುತ್ತದೆ. ಕಟ್ಟುನಿಟ್ಟಾಗಿ ಹೇಳಿದರೆ ಇವೆಲ್ಲ ಗಾಮಾ ಉಪಕರಣಗಳಲ್ಲ. ಆದರೆ ಹರಳು, ವಿದ್ಯುನ್ಮಾನ, ಒರೆಹಚ್ಚುವ ವಿಧಾನ, ಗದ್ದಲದ ಲೆಕ್ಕಾಚಾರ ಎಲ್ಲ ಒಂದೇ ಮನೆತನದವು. ಮುಂದಿನ ಗಾಮಾ ಉಪಗ್ರಹ ಕಟ್ಟುವ ಕೈಗಳು ಪಳಗುತ್ತಿರುವುದು ಇಲ್ಲಿ.

ಈ ಕೈಗಳ ವಿಷಯದಲ್ಲಿ ಒಂದು ಆತಂಕವಿದೆ. ಒಪ್ಪಿಗೆಯಿಂದ ಉಡಾವಣೆಗೆ ಆಸ್ಟ್ರೋಸ್ಯಾಟ್ ಹನ್ನೊಂದು ವರ್ಷ ತೆಗೆದುಕೊಂಡಿತು. ಒಬ್ಬ ಪಿಎಚ್.ಡಿ. ವಿದ್ಯಾರ್ಥಿ ಉಪಕರಣ ಕಟ್ಟುವುದರಿಂದ ದತ್ತಾಂಶ ನೋಡುವವರೆಗೆ ಜೊತೆಗಿರಲು ಇಷ್ಟು ಅವಧಿಯಲ್ಲಿ ಆಗುವುದಿಲ್ಲ. ಎರಡು ಯೋಜನೆಗಳ ನಡುವೆ ಹತ್ತು ವರ್ಷ ಬಿದ್ದರೆ ಹರಳನ್ನು ಕೈಯಲ್ಲಿ ಹಿಡಿದು ಬಲ್ಲವರು ನಿವೃತ್ತರಾಗಿರುತ್ತಾರೆ. ಆದ್ದರಿಂದ ದೊಡ್ಡ ಯೋಜನೆಯ ಜೊತೆಗೆ ಬಲೂನು ಹಾರಾಟಗಳು, ಪುಟ್ಟ ಉಪಗ್ರಹಗಳು, ಪಿಎಸ್‌ಎಲ್‌ವಿಯ ಕೊನೆಯ ಹಂತವನ್ನೇ ಕಕ್ಷೆಯಲ್ಲಿ ಪ್ರಯೋಗಪೀಠವಾಗಿ ಬಳಸುವ ಅವಕಾಶ ಎಲ್ಲವೂ ಪಂಚಾಂಗದಲ್ಲಿ ಇರಬೇಕು. ಪೋಲಿಕ್ಸಿನಂಥ ಉಪಕರಣವನ್ನು ಒಂದು ಸಂಶೋಧನಾ ಸಂಸ್ಥೆ ತನ್ನ ಕಾರ್ಯಾಗಾರದಲ್ಲೇ ಕಟ್ಟಬಲ್ಲದು ಎಂಬುದು ಈಗ ಸಾಬೀತಾಗಿದೆ. ಮೈಸೂರು, ಮಂಗಳೂರು, ಧಾರವಾಡ, ಕಲಬುರಗಿಯ ವಿಶ್ವವಿದ್ಯಾಲಯಗಳ ಭೌತವಿಜ್ಞಾನ ವಿಭಾಗಗಳಿಗೂ ಇದರಲ್ಲಿ ಜಾಗ ಸಿಗಬೇಕು. ಬ್ಯಾಲಾಳಿನ ಸಂಗ್ರಹವನ್ನು ಬಳಸಲು ಒಂದು ಕಂಪ್ಯೂಟರು ಮತ್ತು ಒಬ್ಬ ಬಲ್ಲ ಮೇಷ್ಟ್ರು ಸಾಕು.

ಕಾಲದ ಲೆಕ್ಕ

ಆಕಾಶ ಕಾಯುತ್ತ ಬಂದ ಉಪಗ್ರಹಗಳಿಗೆ ವಯಸ್ಸಾಗಿದೆ. 2002ರಲ್ಲಿ ಹಾರಿದ ಇಂಟೆಗ್ರಲ್ 2025ರ ಫೆಬ್ರವರಿ 28ರಂದು ವೀಕ್ಷಣೆ ನಿಲ್ಲಿಸಿತು. ಅಜೀಲೆ 2024ರ ಫೆಬ್ರವರಿಯಲ್ಲಿ ವಾತಾವರಣಕ್ಕೆ ಬಿದ್ದಿತು. ಸ್ಫೋಟದತ್ತ ತಟ್ಟನೆ ತಿರುಗಿ ನೋಡುವ ಸ್ವಿಫ್ಟ್ 2004ರದು. ಅದರ ಕಕ್ಷೆ ಕುಸಿಯುತ್ತಿದ್ದು, ಇನ್ನೊಂದು ನೌಕೆ ಕಳಿಸಿ ಮೇಲಕ್ಕೆತ್ತುವ ಗುತ್ತಿಗೆಯನ್ನು ನಾಸಾ 2025ರಲ್ಲಿ ಕೊಟ್ಟಿತು. ಫರ್ಮಿ 2008ರದು. ಐದು ವರ್ಷಕ್ಕೆಂದು ಹಾರಿದ ಆಸ್ಟ್ರೋಸ್ಯಾಟ್ 2025ರ ಸೆಪ್ಟೆಂಬರ್‌ಗೆ ಹತ್ತು ವರ್ಷ ತುಂಬಿಸಿದೆ.

ಹೊಸಬರೂ ಬಂದಿದ್ದಾರೆ. ಚೀನಾದ ಐನ್‌ಸ್ಟೈನ್ ಪ್ರೋಬ್ 2024ರ ಜನವರಿಯಲ್ಲಿ, ಚೀನಾ–ಫ್ರಾನ್ಸ್ ಜೊತೆಗೂಡಿದ ಸ್ವೋಮ್ ಅದೇ ವರ್ಷದ ಜೂನ್‌ನಲ್ಲಿ ಹಾರಿದವು. ಯೂರೋಪಿನ ಥೀಸಿಯಸ್ ಇನ್ನೂ ಸ್ಪರ್ಧೆಯ ಪಟ್ಟಿಯಲ್ಲಿದೆ, ಆಯ್ಕೆಯಾದರೂ ಹಾರುವುದು 2030ರ ದಶಕದ ಕೊನೆಗೆ. ಸಾಧಾರಣ ಸ್ಫೋಟಗಳಿಗೆ ಇಷ್ಟು ಸಾಲಬಹುದು. ನ್ಯೂಟ್ರಾನ್ ತಾರೆಗಳ ಡಿಕ್ಕಿಯಂಥ ದುರ್ಬಲ ಮಿಡಿತಗಳಿಗೆ, ಆಕಾಶವೆಲ್ಲವನ್ನೂ ಎಲ್ಲ ಹೊತ್ತೂ ನೋಡುವ ಸೂಕ್ಷ್ಮ ಕಣ್ಣು ಇವುಗಳಲ್ಲಿ ಯಾವುದರಲ್ಲೂ ಇಲ್ಲ.

ಮಹಾರಾಷ್ಟ್ರದ ಹಿಂಗೋಲಿಯಲ್ಲಿ ಕಟ್ಟಲಿರುವ ಲೈಗೊ–ಇಂಡಿಯಾಗೆ 2023ರ ಏಪ್ರಿಲ್‌ನಲ್ಲಿ ಕೇಂದ್ರ ಸಂಪುಟ ಸುಮಾರು 2,600 ಕೋಟಿ ರೂಪಾಯಿ ಮಂಜೂರು ಮಾಡಿತು. ಅದು ಮುಂದಿನ ದಶಕದಲ್ಲಿ ಕೆಲಸ ಆರಂಭಿಸಿದಾಗ ಗುರುತ್ವ ಅಲೆ ಬಂದ ದಿಕ್ಕನ್ನು ಈಗಿನದಕ್ಕಿಂತ ಬಹಳ ಕಿರಿದಾದ ಜಾಗಕ್ಕೆ ಇಳಿಸಬಹುದು. ಅದೇ ಕ್ಷಣದ ಗಾಮಾ ಮಿಡಿತವನ್ನು ಹಿಡಿಯಲು ಮೇಲೆ ಯಾರೂ ಇಲ್ಲದಿದ್ದರೆ ಅರ್ಧ ಉತ್ತರ ಕಳೆದುಹೋದಂತೆ. ಆಸ್ಟ್ರೋಸ್ಯಾಟಿಗೆ ಇಸ್ರೋ ಖರ್ಚು ಮಾಡಿದ್ದು ಸುಮಾರು 178 ಕೋಟಿ ರೂಪಾಯಿ, ಹಿಡಿದ ಕಾಲ ಹನ್ನೊಂದು ವರ್ಷ. ಹಣ ಹೊಂದಿಸಬಹುದು, ಆದರೆ 2030ರ ದಶಕದ ಮೊದಲಲ್ಲಿ ದಕ್ಷದ ಎರಡು ಉಪಗ್ರಹಗಳು ಕಕ್ಷೆಯಲ್ಲಿ ಇರಬೇಕಾದರೆ ಹರಳುಗಳ ಖರೀದಿ, ಪರೀಕ್ಷಾ ಮಾದರಿ, ರಾಕೆಟ್ಟಿನ ಸರದಿ ಇವನ್ನೆಲ್ಲ ಈ ದಶಕ ಮುಗಿಯುವುದರೊಳಗೇ ಗೊತ್ತುಮಾಡಬೇಕಾಗುತ್ತದೆ.